ಗಾಜಿನ ಪೆಟ್ಟಿಗೆಯ ನಾಗಪ್ಪನಿಗೆ ಚಳಿಯಾದಾಗ

ನನ್ನ ಮಗಳು ಲಕ್ಷ್ಮಿಗೆ ಎದೆಯಲ್ಲಿ ಕಫ ಕಟ್ಟಿ, ಮೈ ಕಾದ ಹೆಂಚಿನಂತಾಗಿ, ಉಸಿರು ಎಳೆದಾಗಲೆಲ್ಲ ಪಕ್ಕೆ ಒಳಕ್ಕೆ ಸೆಳೆಯುತ್ತಿದ್ದಾಗ ನಮ್ಮ ಮನೆಯಲ್ಲಿ ಅವಳಿಗೆ ಕೊಟ್ಟ ಔಷಧಿ ಏನು ಗೊತ್ತೆ? ಹಾವಿನ ಪೆಟ್ಟಿಗೆಯ ಮುಂದೆ ಇಟ್ಟು ತೆಗೆದ ಹಾಲು. ಅದೂ ತಣ್ಣಗಿನದು. ಕುಡಿದ ಕೂಡಲೇ ಮಗು ಕೆಮ್ಮಿ ಕೆಮ್ಮಿ ಅದನ್ನೆಲ್ಲ ವಾಂತಿ ಮಾಡಿತು. ಔಷಧಿ ಕೊಟ್ಟ ಮಹಾನುಭಾವರು, ಅಂದರೆ ನನ್ನ ಗಂಡನ ಅಣ್ಣ ಕಾಳೇಗೌಡರು, ಪಂಚೆಗೆ ಸಿಡಿದದ್ದನ್ನು ಒರೆಸಿಕೊಂಡು, "ವಿಷ ಹೊರಕ್ಕೆ ಬಂತು, ಒಳ್ಳೇದಾಯ್ತು" ಎಂದರು.

ನಮ್ಮ ಭಜನಾ ಮಂಡಳಿಯ ಪತ್ರಿಕೆಗೆ ಅನುಭವ ಬರೆದು ಕೊಡಿ ಎಂದು ಬಹಳ ದಿನದಿಂದ ಕೇಳುತ್ತಿದ್ದಾರೆ. ಬೇರೆಯವರು ಬರೆದದ್ದನ್ನು ಓದಿದ್ದೇನೆ. ಒಬ್ಬರಿಗೆ ಬಸ್ಸಿನಲ್ಲಿ ಬಿಟ್ಟ ಕೊಡೆ ಸಿಕ್ಕಿತಂತೆ. ಇನ್ನೊಬ್ಬರಿಗೆ ಕನಸಿನಲ್ಲಿ ನವಿಲು ಬಂದು ಮಗಳ ಮದುವೆ ಕುದುರಿತಂತೆ. ಸುಬ್ರಾಯ ಸ್ವಾಮಿಗೆ ಬೇರೆ ಕೆಲಸವೇ ಇಲ್ಲ ಎಂದು ಇವರೆಲ್ಲ ತಿಳಿದಿದ್ದಾರೆ. ನಾನು ಬರೆಯುವುದು ಅಂಥದ್ದಲ್ಲ. ಓದಿದ ಮೇಲೆ ಕೈ ಮುಗಿಯಿರಿ, ಬೇಡವೆನ್ನುವುದಿಲ್ಲ. ಮುಗಿಯುವ ಮೊದಲು ನಿಮ್ಮಲ್ಲಿ ಕೆಲವರಾದರೂ ಒಂದು ಗಳಿಗೆ ನಾಚಿಕೆಪಟ್ಟರೆ ನಾನು ಬರೆದದ್ದು ಸಾರ್ಥಕ.

ಕೊಡಗು ಇನ್ನೂ ಮೈಸೂರಿಗೆ ಸೇರದೆ ತಾನೇ ಒಂದು ರಾಜ್ಯವಾಗಿದ್ದ ಕಾಲದ ಮಾತು. ನಮ್ಮ ಮಾವನವರು ಹಾಸನದ ಕಡೆಯಿಂದ ಬಂದು ಹಾರಂಗಿ ಹೊಳೆಯ ಪಕ್ಕ ಗದ್ದೆ ಮಾಡಿಕೊಂಡಿದ್ದರು. ಗಂಡುಮಕ್ಕಳಿಬ್ಬರೂ ಸುಂಟಿಕೊಪ್ಪದ ಮೇಲಿನ ಒಂದು ಕಾಫಿ ತೋಟದಲ್ಲಿ ಕೆಲಸಕ್ಕೆ ಸೇರಿದರು. ಬಾವ ತೋಟದ ಲೆಕ್ಕ ಬರೆಯುವ ರೈಟರು. ನನ್ನ ಗಂಡ ರಾಮೇಗೌಡ ಆಳುಗಳನ್ನು ನೋಡಿಕೊಳ್ಳುವ ಮೇಸ್ತ್ರಿ. ಆಳುಗಳ ಸಾಲುಮನೆಗಳಾದ ಲೈನುಗಳ ಹಿಂದೆ ದಿಬ್ಬದ ಮೇಲೆ ತೋಟದವರು ಕೊಟ್ಟ ಒಂದೇ ಮನೆಯಲ್ಲಿ ಎರಡು ಸಂಸಾರ. ಬಾವ, ಅವರ ಹೆಂಡತಿ ದೇವೀರಮ್ಮ, ಈಚೆ ನಾವು ಮೂವರು.

ತೋಟದ ಇಂಗ್ಲಿಷ್ ದೊರೆಗೆ ಒಂದು ಹುಚ್ಚು. ನಾಗರಹಾವು ಸಾಕಿದ್ದ. ಬಂಗಲೆಯ ಜಗಲಿಯಲ್ಲಿ ತೇಗದ ಚೌಕಟ್ಟಿನ ಉದ್ದನೆಯ ಗಾಜಿನ ಪೆಟ್ಟಿಗೆ, ಅದರ ಒಂದು ತುದಿಯ ಕೆಳಗೆ ತಗಡಿನ ಗೂಡು, ಗೂಡಿನೊಳಗೆ ಸಣ್ಣ ಸೀಮೆಣ್ಣೆ ದೀಪ, ಪೆಟ್ಟಿಗೆಯೊಳಗೆ ಫ್ಯಾರನ್‌ಹೀಟ್ ಲೆಕ್ಕದಲ್ಲಿ ಉಷ್ಣ ತೋರಿಸುವ ಪಾದರಸದ ಕಡ್ಡಿ. ತೋಟ ಮಾರಿ ತನ್ನ ದೇಶಕ್ಕೆ ಹೊರಟಾಗ ಅದನ್ನು ಏನು ಮಾಡುವುದೆಂದು ಯೋಚಿಸುತ್ತಿದ್ದವನ ಮುಂದೆ ಬಾವ ಹೋಗಿ ಅಡ್ಡಬಿದ್ದರು. "ನಾವು ನಾಗಪ್ಪನ ಒಕ್ಕಲು ಸಾರ್. ನಮಗೆ ಕೊಡಿ. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೊಳ್ತೀವಿ."

ದೊರೆ ನಮ್ಮನ್ನೆಲ್ಲ ಜಗಲಿಗೆ ಕರೆಸಿ ತನ್ನ ಮುರುಕು ಕನ್ನಡದಲ್ಲಿ ಹೇಳಿದ್ದು ನನ್ನ ಕಿವಿಯಲ್ಲಿ ಇನ್ನೂ ಇದೆ. "ರೈಟರ್, ಹಾವಿಗೆ ಸ್ವಂತ ಬಿಸಿ ಇಲ್ಲ. ನಾವು ಕೊಡ್ಬೇಕು. ಒಂದು ಕಡೆ ಬಿಸಿ, ಎಂಬತ್ತೆಂಟು. ಒಂದು ಕಡೆ ತಂಪು, ಎಪ್ಪತ್ತೈದು. ಹಾವು ತಾನೇ ಆರಿಸ್ತದೆ. ತುಂಬಾ ಚಳಿ ಆದ್ರೆ ತಿಂದದ್ದು ಹೊಟ್ಟೆಯಲ್ಲಿ ಕೊಳೀತದೆ. ನೂರು ದಾಟಿದ್ರೆ ಸತ್ತುಹೋಗ್ತದೆ. ಅಡಿಯಲ್ಲಿ ಬೆಂಕಿ ಇಡ್ಬೇಡ, ಹೊಟ್ಟೆ ಸುಟ್ರೂ ಅದಕ್ಕೆ ಬೇಗ ತಿಳಿಯೋದಿಲ್ಲ. ಹಲ್ಲು ಕಿತ್ತಿಲ್ಲ. ವಿಷ ಇದೆ. ಜೋಪಾನ."

ಇದನ್ನು ನಮಗೆ ಮತ್ತೊಮ್ಮೆ ಬಿಡಿಸಿ ಹೇಳಿದವರು ಯಾರು? ಬಾವನೇ. ಎದೆ ಉಬ್ಬಿಸಿಕೊಂಡು, ಪಾದರಸದ ಕಡ್ಡಿಯ ಮೇಲೆ ಬೆರಳಿಟ್ಟು, ಎಂಬತ್ತೆಂಟು ಎಲ್ಲಿ, ಎಪ್ಪತ್ತೈದು ಎಲ್ಲಿ ಎಂದು ತೋರಿಸಿದವರೂ ಅವರೇ. ಆಮೇಲೆ ಅವರು ಮಾಡಿದ್ದೆಲ್ಲ ಗೊತ್ತಿಲ್ಲದೆ ಮಾಡಿದ್ದು ಎಂದು ಯಾರೂ ಕನಿಕರ ಪಡಬೇಡಿ.

ನಾನು ಬಾಲ್ಯದಿಂದ ಷಷ್ಠಿ ಉಪವಾಸ ಮಾಡಿದವಳು. ನಮ್ಮೂರ ಅರಳಿಕಟ್ಟೆಯ ನಾಗರಕಲ್ಲಿಗೆ ನೀರು ಹಾಕದೆ ಒಂದು ಶುಕ್ರವಾರ ಊಟ ಮಾಡಿದವಳಲ್ಲ. ನನ್ನ ಸುಬ್ರಾಯ ಕಲ್ಲಿನಲ್ಲಿ ಸುಮ್ಮನೆ ಕೂತಿದ್ದ. ಯಾರಿಗೂ ಆಟ ತೋರಿಸುತ್ತಿರಲಿಲ್ಲ. ಬಾವನ ನಾಗಪ್ಪ ಹಾಗಲ್ಲ. ನಡುಮನೆಯಲ್ಲಿ ಪೆಟ್ಟಿಗೆ ಇಟ್ಟು, ಮೇಲೆ ಕೆಂಪು ಪಟ್ಟೆಯ ಪರದೆ ಕಟ್ಟಿ, ಅವರು ಅದನ್ನು 'ಸಾಕ್ಷಾತ್' ಎಂದು ಕರೆದರು. ಹೊಸ ಧಣಿ ವಿರಾಜಪೇಟೆಯಲ್ಲಿದ್ದುಕೊಂಡು ತೋಟದ ಕಡೆ ತಲೆ ಹಾಕುತ್ತಿರಲಿಲ್ಲ. ಬಾವನಿಗೆ ಹೇಳುವವರು ಕೇಳುವವರು ಇರಲಿಲ್ಲ. ಮಂಗಳವಾರ ಶುಕ್ರವಾರ ಲೈನುಗಳಿಂದ, ಪಕ್ಕದ ತೋಟಗಳಿಂದ, ಪೇಟೆಯಿಂದ ಜನ ಬಂದರು. ಹಾಲಿನ ತಂಬಿಗೆ ಬಂತು, ಮೊಟ್ಟೆ ಬಂತು, ಬಾಳೆಗೊನೆ ಬಂತು. ಹಾವು ಹಾಲು ಮುಟ್ಟಲಿಲ್ಲ. ಅದು ತಿನ್ನುತ್ತಿದ್ದದ್ದು ಇಲಿ. ಹಾಲು ದೇವೀರಮ್ಮನ ಮಜ್ಜಿಗೆ ಕುಡಿಕೆಗೆ ಹೋಯಿತು, ಮೊಟ್ಟೆ ಬಾವನ ಹೊಟ್ಟೆಗೆ.

ಪಾದರಸದ ಕಡ್ಡಿಯನ್ನು ಪೆಟ್ಟಿಗೆಯಿಂದ ಕಿತ್ತು ಅವರು ಪರದೆಯ ಪಕ್ಕದ ಗೋಡೆಗೆ ನೇತುಹಾಕಿದರು. ಏಕೆಂದು ಕೇಳಿ. ಭಕ್ತರ ಭಕ್ತಿಯನ್ನು ಅದು ಅಳೆಯುತ್ತದಂತೆ! ಅಷ್ಟು ಸಣ್ಣ ಕೋಣೆಯಲ್ಲಿ ಅಷ್ಟು ಜನ ಒತ್ತಿ ಕೂತು, ದೀಪ ಹಚ್ಚಿ, ಕರ್ಪೂರ ಉರಿಸಿದರೆ ಪಾದರಸ ಏರದೆ ಏನು ಮಾಡೀತು? ಏರಿದಾಗ ಜನ ಗೋವಿಂದ ಎಂದು ಕೂಗುತ್ತಿದ್ದರು. ಹೈಸ್ಕೂಲು ಓದಿದವರೂ ಕೂಗುತ್ತಿದ್ದರು. ಈ ಪತ್ರಿಕೆ ಓದುವವರಲ್ಲಿ ಅಂದು ಅಲ್ಲಿದ್ದವರು ಇದ್ದರೆ, ನಿಮ್ಮ ಮುಖ ನನಗೆ ನೆನಪಿದೆ.

ಬೇಸಿಗೆಯಲ್ಲಿ ಹೇಗೋ ನಡೆಯಿತು. ಕಾಫಿ ಹಣ್ಣಾಗುವ ಹೊತ್ತಿಗೆ ಚಳಿ ಬಂತು. ದಿಬ್ಬದ ಮೇಲಿನ ಮನೆ, ಸಿಮೆಂಟಿನ ನೆಲ, ಬೆಳಿಗ್ಗೆ ಮಂಜು ಬಾಗಿಲೊಳಗೇ ನುಗ್ಗುತ್ತಿತ್ತು. ಈಗಲಾದರೂ ದೀಪ ಹಚ್ಚುತ್ತಾರೆ ಎಂದುಕೊಂಡೆ. ದೀಪ ತಗಡಿನ ಗೂಡಿನ ಸಮೇತ ಬಾವನ ಮಂಚದ ಕೆಳಗೆ ಹೋಗಿತ್ತು. ಅವರ ಪಾದ ತಣ್ಣಗಾಗುತ್ತಿತ್ತಂತೆ.

ಹಾವು ಸುರುಳಿ ಬಿಚ್ಚುವುದನ್ನೇ ನಿಲ್ಲಿಸಿತು. ನುಂಗಿದ್ದ ಇಲಿಯನ್ನು ಹಾಗೆಯೇ ಹೊರಹಾಕಿತು. ಅದು ಕೊಳೆತು ನಾರುತ್ತಿತ್ತು. ಬಾವ ಮೂಗು ಮುಚ್ಚಿಕೊಂಡು ಅದನ್ನು ಎಸೆದು, ಎರಡು ಪಟ್ಟು ಧೂಪ ಹಾಕಿ, ಬಂದವರಿಗೆ "ಸ್ವಾಮಿ ಯೋಗನಿದ್ರೆಯಲ್ಲಿದ್ದಾನೆ" ಎಂದು ಹೇಳಿದರು. ನಾನು ತಡೆಯಲಾರದೆ ಹೋಗಿ ಹೇಳಿದೆ.

"ಬಾವ, ಅದಕ್ಕೆ ಚಳಿ ಆಗ್ಯದೆ. ದೊರೆ ಹೇಳಿದ್ರಲ್ಲ, ಆ ದೀಪ ಮಡಗಿ."

"ನಾಗಪ್ಪ ಈಸ್ವರನ ಕೊರಳಲ್ಲಿ ಕೈಲಾಸದ ಹಿಮದಾಗೆ ಇರಾನು. ಅವ್ನಿಗೆ ಸೀಮೆಣ್ಣೆ ದೀಪ ಬೇಕೇನಮ್ಮ? ನಾಲ್ಕನೇ ಕ್ಲಾಸು ಓದಿ ನಂಗೆ ಸಾಸ್ತ್ರ ಹೇಳಾಕೆ ಬಂದ್ಲು."

"ನಾಗಪ್ಪಂಗೆ ಬ್ಯಾಡದ ದೀಪ ನಿಮ್ ಕಾಲಿಗ್ಯಾಕೆ ಬೇಕಾಯ್ತು?"

ಆ ದಿನ ಅವರು ನಾನು ಬಡಿಸಿದ್ದನ್ನು ಉಣ್ಣಲಿಲ್ಲ. ನನಗೆ ಒಂದು ಪಾತ್ರೆ ತೊಳೆಯುವುದು ತಪ್ಪಿತು.

ಆ ಚಳಿಯಲ್ಲೇ ಲಕ್ಷ್ಮಿಗೆ ನೆಗಡಿ ಬಂದು ಎದೆಗೆ ಇಳಿಯಿತು. ಏಳು ವರ್ಷದ ಹುಡುಗಿ, ಯಾವಾಗಲೂ ಒಂದಲ್ಲ ಒಂದು ಪ್ರಶ್ನೆ ಕೇಳುತ್ತಿದ್ದವಳು, ಮಾತು ನಿಲ್ಲಿಸಿದಳು. ಮಡಿಕೇರಿ ಆಸ್ಪತ್ರೆಗೆ ಕರೆದುಕೊಂಡು ಹೋಗೋಣ ಎಂದರೆ ಬಾವ ಕಣ್ಣು ಮುಚ್ಚಿ ಲೆಕ್ಕ ಹಾಕಿದಂತೆ ಮಾಡಿ ಹೇಳಿದರು. "ಇದು ನಾಗದೋಷ. ಮನೇಲಿ ಸ್ವಾಮಿನ ಮಡಿಕ್ಕೊಂಡು ಆಸ್ಪತ್ರೆಗೆ ಹೋದ್ರೆ ಅವ್ನಿಗೆ ಅವಮಾನ. ಸುಬ್ರಾಯನ ಷಷ್ಠಿಗಂಟ ತಡೀರಿ. ಆವತ್ತು ಹೆಡೆ ಎತ್ತಿ ಮಗೀನ ನೋಡ್ತಾನೆ. ಜ್ವರ ಬಿಟ್ಟೋಯ್ತದೆ."

ನನ್ನ ಗಂಡ ತಲೆಯಾಡಿಸಿದರು. ತೋಟದಲ್ಲಿ ಅವರು ಕೂಗಿದರೆ ಆಚೆ ಗುಡ್ಡದ ಆಳುಗಳು ನೆಟ್ಟಗೆ ನಿಲ್ಲುತ್ತಿದ್ದರು. ಅಣ್ಣನ ಮುಂದೆ ಮಾತ್ರ ಅವರ ಗಂಟಲಿನಲ್ಲಿ ಯಾರೋ ಬಟ್ಟೆ ತುರುಕಿದ ಹಾಗೆ.

ಷಷ್ಠಿಗೆ ಇನ್ನೂ ದಿನಗಳಿದ್ದವು. ನಾನು ಒಂದು ಬೆಳಿಗ್ಗೆ ಮಗುವನ್ನು ಸೆರಗಿನಲ್ಲಿ ಕಟ್ಟಿ ಬೆನ್ನಿಗೆ ಹಾಕಿಕೊಂಡು ಬಸ್ಸಿನ ರಸ್ತೆಗೆ ಇಳಿಯಲು ಹೊರಟೆ. ದೇವೀರಮ್ಮ ಅಂಗಳದಲ್ಲೇ ಬಾಯಿ ಬಡಿದುಕೊಂಡಳು. "ಮನೆ ಮುಳುಗಿಸ್ತಾಳೆ ಕಣಪ್ಪೋ, ಸ್ವಾಮಿ ಮುನಿದ್ರೆ ಯಾರು ಗತಿ!" ಗಂಡ ಓಡಿಬಂದರು. ನನ್ನ ಪರವಾಗಿ ಬಂದರು ಎಂದುಕೊಂಡೆ. ಅವರು ನನ್ನ ಬೆನ್ನಿನ ಗಂಟು ಬಿಚ್ಚಿ, ಮಗುವನ್ನು ಎತ್ತಿಕೊಂಡು ಒಳಗೆ ಹೋಗಿ ಮಲಗಿಸಿದರು. ನಾನು ಅಂಗಳದಲ್ಲೇ ಕುಸಿದು ಕೂತೆ. ದೇವರನ್ನು ಕರೆಯಲೂ ನಾಲಿಗೆ ಏಳಲಿಲ್ಲ. ಕರೆದರೆ ಯಾವ ದೇವರು ಬರುತ್ತಾನೆ, ಪರದೆಯ ಹಿಂದೆ ಚಳಿಗೆ ಕಲ್ಲಾಗಿ ಬಿದ್ದಿದ್ದಾನಲ್ಲ, ಅವನೇ?

ಷಷ್ಠಿಯ ಹಿಂದಿನ ಸಂಜೆ ಬಾವನಿಗೆ ಭಯ ಹತ್ತಿತು. ಮಗುವಿನದಲ್ಲ. ಮರುದಿನ ಊರೆಲ್ಲ ನೆರೆದಾಗ ಸಾಕ್ಷಾತ್ ಸ್ವಾಮಿ ಹೆಡೆ ಎತ್ತದಿದ್ದರೆ ಮರ್ಯಾದೆ ಏನಾಗಬೇಕು? ಅಗ್ಗಿಷ್ಟಿಕೆ ತುಂಬ ಕೆಂಡ ತಂದು ಪೆಟ್ಟಿಗೆಯ ಅಡಿಗೆ ತಳ್ಳಿದರು. ನಾನು ಲಕ್ಷ್ಮಿಯ ಕೋಣೆಯ ಬಾಗಿಲಲ್ಲಿ ನಿಂತು ನೋಡಿದೆ. ಆ ಕೋಣೆಗೂ ನಡುಮನೆಗೂ ನಡುವೆ ಬಾಗಿಲ ಕದವೇ ಇರಲಿಲ್ಲ, ಬರಿಯ ಗೋಣಿಯ ತೆರೆ. ಸ್ವಲ್ಪ ಹೊತ್ತಿಗೆ ಸುಟ್ಟ ಉಗುರಿನ ವಾಸನೆ ಬಂತು. ಹಾವು ಒಮ್ಮೆಲೇ ಒದ್ದಾಡಿ ಎದ್ದು ಗಾಜಿಗೆ ರಪ್ಪನೆ ಹೊಡೆಯಿತು, ಬುಸುಗುಟ್ಟಿತು, ಹೆಡೆ ಬಿಚ್ಚಿತು.

"ಬಂದ! ಬಂದ ನನ್ನಪ್ಪ!" ಎಂದು ಬಾವ ಕುಣಿದರು.

"ಅದು ಬಂದಿಲ್ಲ ಬಾವ, ಬೆಂದದೆ" ಎಂದೆ. ನಾನೇ ಹೋಗಿ ಅಗ್ಗಿಷ್ಟಿಕೆಯನ್ನು ಎಳೆದು ಹೊರಗಿಟ್ಟೆ. ಪರೀಕ್ಷೆ ಗೆದ್ದ ಸಂತೋಷದಲ್ಲಿ ಅವರು ಹಾಲಿನ ಬಟ್ಟಲು ಇಡುವ ಸಣ್ಣ ಬಾಗಿಲ ಚಿಲಕ ಹಾಕಿದೆಯೇ ಎಂದೂ ನೋಡದೆ ಹೋಗಿ, ಕಾಲ ಕೆಳಗೆ ದೀಪ ಇಟ್ಟುಕೊಂಡು ಮಲಗಿದರು.

ಬೆಳಿಗ್ಗೆ ಮಂಜು ಇನ್ನೂ ಕರಗಿರಲಿಲ್ಲ. ಮಗಳಿಗೆ ಬಿಸಿನೀರು ಕಾಯಿಸಲು ಎದ್ದು ಹೋಗಿದ್ದೆ. ಲೋಟ ಹಿಡಿದು ಬಂದಾಗ ಲಕ್ಷ್ಮಿ ಚಾಪೆಯ ಮೇಲೆ ಕಂಬಳಿ ಹೊದ್ದು ಮಲಗಿದ್ದವಳು ಕಣ್ಣು ಬಿಟ್ಟಿದ್ದಳು. ಎಷ್ಟೋ ದಿನದ ಮೇಲೆ ಮಾತಾಡಿದಳು.

"ಅವ್ವ, ಬೆಕ್ಕಿನ ಮೈ ಯಾಕಿಷ್ಟು ತಣ್ಣಗೈತೆ?"

ನಮ್ಮ ಮನೆಯ ಬೆಕ್ಕು ಆಗ ಅಡುಗೆಮನೆಯ ಒಲೆಯ ಪಕ್ಕ ಮಲಗಿತ್ತು. ನಾನು ಅದನ್ನು ದಾಟಿಕೊಂಡೇ ಬಂದಿದ್ದೆ.

ಲೋಟ ಕೆಳಗಿಟ್ಟೆ. "ಎಲ್ಲೈತೆ ಮಗ, ಬೆಕ್ಕು?"

"ಮೊಣಕಾಲ ತಾವ. ಈಗ ಬಂತು."

"ಅಲ್ಲಾಡಬ್ಯಾಡ ಕಣವ್ವ. ಬೆಕ್ಕು ಮಲಗ್ಲಿ. ಅದಕ್ಕೆ ಚಳಿ ಆಗ್ಯದೆ. ನೀನು ಕಲ್ಲಿನ ಹಂಗೆ ಮಲಗಿರ್ತೀಯ ನಂಗೋಸ್ಕರ?"

"ಹೂಂ" ಎಂದಳು. ಅಲ್ಲಾಡುವಷ್ಟು ಶಕ್ತಿಯೂ ಅವಳಲ್ಲಿ ಇರಲಿಲ್ಲ. ಅದೇ ಆ ಗಳಿಗೆಯಲ್ಲಿ ನಮಗಿದ್ದ ಒಂದೇ ಪುಣ್ಯ.

ಕಂಬಳಿಯ ಅಂಚನ್ನು ಕಾಲಿನ ಕಡೆಯಿಂದ ಬೆರಳಗಲ ಎತ್ತಿ ನೋಡಿದೆ. ಅವಳ ಎರಡು ಮೊಣಕಾಲುಗಳ ನಡುವೆ ಸುರುಳಿ. ನಡುಮನೆಯ ತಣ್ಣನೆಯ ನೆಲದ ಮೇಲೆ ಹರಿದಾಡಿ, ಮನೆಯಲ್ಲಿ ಎಲ್ಲಕ್ಕಿಂತ ಬಿಸಿಯಾಗಿದ್ದ ಜಾಗವನ್ನು ಅದು ಹುಡುಕಿಕೊಂಡಿತ್ತು. ಆ ಬಿಸಿ ನನ್ನ ಮಗಳ ಜ್ವರ. ಈಗ ಚಳಿಗೆ ಮರಗಟ್ಟಿದೆ, ಅದಕ್ಕೇ ಸುಮ್ಮನಿದೆ. ಹೊತ್ತು ಹೋದಷ್ಟೂ ಆ ಜ್ವರವೇ ಅದನ್ನು ಚುರುಕು ಮಾಡುತ್ತದೆ. ಆಮೇಲೆ ಮಗು ಒಂದು ಸಲ ಕೆಮ್ಮಿದರೆ ಸಾಕು.

ಅಷ್ಟರಲ್ಲಿ ಅತ್ತ ಪರದೆ ಸರಿಸಿದ ಸದ್ದು. ಖಾಲಿ ಪೆಟ್ಟಿಗೆ ನೋಡಿದ ಬಾವ ಕಿರುಚಿ ಬೆಂಚಿನ ಮೇಲೆ ಹತ್ತಿ ನಿಂತರು, ಪಂಚೆಯನ್ನು ಎರಡೂ ಕೈಯಲ್ಲಿ ಮೇಲಕ್ಕೆ ಹಿಡಿದುಕೊಂಡು. ಸಾಕ್ಷಾತ್ ಸ್ವಾಮಿ ಎಂದು ದಿನಾ ಆರತಿ ಎತ್ತಿದ ಮನುಷ್ಯ! ಅಂಗಳದಲ್ಲಿ ಆಗಲೇ ಜನ ಸೇರುತ್ತಿದ್ದರು, ತಾಳದ ಸದ್ದು ಕೇಳುತ್ತಿತ್ತು. ನಾನು ತೆರೆಯ ಆಚೆ ಬಂದು ಪಿಸುಮಾತಿನಲ್ಲಿ ಹೇಳಿದೆ.

"ಇಲ್ಲೈತೆ. ಮಗೀನ ಕಂಬಳಿ ಒಳಗೆ. ಸದ್ದು ಮಾಡಬ್ಯಾಡಿ."

ನೆಲದ ಮೇಲೆ ಇಲ್ಲ ಎಂದು ತಿಳಿದದ್ದೇ ತಡ, ಬಾವ ಬೆಂಚಿನಿಂದ ಇಳಿದರು. ಮುಖಕ್ಕೆ ರಕ್ತ ಬಂತು. ಪಂಚೆ ಸರಿಮಾಡಿಕೊಂಡು ಜಗಲಿಗೆ ಹೋಗಿ ಎರಡೂ ಕೈ ಎತ್ತಿ ಕೂಗಿದರು. "ಪವಾಡ ಆಯ್ತು! ಸ್ವಾಮಿ ತಾನಾಗೇ ಎದ್ದು ಹೋಗಿ ಮಗೀನ ತೊಡೆ ಮ್ಯಾಲೆ ಕುಂತವ್ನೆ! ಬನ್ನಿ, ಎಲ್ಲ ಕಣ್ ತುಂಬಾ ನೋಡಿ!"

ಜನ ಎದ್ದರು. ಗಂಟೆ ಬಾರಿಸಿದರು. ಒಬ್ಬಳು ಕರ್ಪೂರದ ತಟ್ಟೆ ಹಿಡಿದು ಮುಂದೆ ಬಂದಳು. ಬಂಧುಗಳೇ, ಒಂದು ಮಗುವಿನ ಕಾಲಸಂದಿಯಲ್ಲಿ ವಿಷದ ಹಾವು ಇದೆ ಎಂದು ಕೇಳಿ ಆ ಅಂಗಳದಲ್ಲಿ ಒಬ್ಬರೂ ಅಯ್ಯೋ ಎನ್ನಲಿಲ್ಲ. ಗೋವಿಂದ ಎಂದರು.

ಮೂಲೆಯಲ್ಲಿದ್ದ ಒನಕೆಯನ್ನು ಎತ್ತಿಕೊಂಡು ನಾನು ನಡುಮನೆಯ ಹೊಸ್ತಿಲಲ್ಲಿ ನಿಂತೆ. "ಯಾರಾದ್ರೂ ಒಳಕ್ಕೆ ಕಾಲಿಟ್ರೆ ಮಂಡೆ ಒಡೀತೀನಿ. ಮೊದ್ಲು ನಿಮ್ದೇ ಬಾವ."

"ಏಯ್ ರಾಮ! ನಿನ್ ಹೆಂಡ್ತಿಗೆ ಹುಚ್ಚು ಹಿಡಿದದೆ, ಎಳ್ಕೊಂಡ್ ಬಾರ್ಲಾ!"

ಗಂಡ ಜಗಲಿಯ ಕಂಬಕ್ಕೆ ಒರಗಿ ನಿಂತಿದ್ದರು. ಅವರು ನನ್ನ ಹತ್ತಿರ ಬಂದರು. ನಾನು ಒನಕೆ ಇನ್ನೂ ಬಿಗಿಯಾಗಿ ಹಿಡಿದೆ. ಅವರು ತೆರೆಯ ಸಂದಿಯಿಂದ ಒಳಗೆ ಮಗಳನ್ನು ನೋಡಿದರು. ಮಗು ನಿಜವಾಗಿಯೂ ಕಲ್ಲಿನಂತೆ ಮಲಗಿ, ಕಣ್ಣು ಮಾತ್ರ ಬಿಟ್ಟುಕೊಂಡು, ಬಾಯಿಂದ ಉಸಿರು ಎಳೆಯುತ್ತಿತ್ತು. ಅವರ ಗಂಟಲಿನ ಬಟ್ಟೆ ಅಂದು ಬಿತ್ತು ಎಂದು ಕಾಣುತ್ತದೆ. ನನ್ನ ಕೈಯಿಂದ ಒನಕೆ ತೆಗೆದುಕೊಂಡು, ಜನರ ಕಡೆ ತಿರುಗಿ, ತೋಟದಲ್ಲಿ ಕೂಗುವ ದನಿಯಲ್ಲಲ್ಲ, ಮೆಲ್ಲಗೆ ಹೇಳಿದರು. "ಗಂಟೆ ನಿಲ್ಸಿ. ಅಣ್ಣ, ನೀನೂ ಆಚೆ ನಡಿ." ಆಮೇಲೆ ನನಗೆ, "ಏನ್ ಮಾಡಬೇಕು ಹೇಳೇ."

ಏನು ಮಾಡಬೇಕು? ನನಗೆ ಗೊತ್ತಿರಲಿಲ್ಲ. ಹೊಡೆಯಲಾಗದು, ಹಿಡಿಯಲಾಗದು, ಮಗುವನ್ನು ಎಳೆಯಲಾಗದು. ನಾನು ಗೋಡೆಗೆ ಹಣೆ ಒತ್ತಿ ಪ್ರಾರ್ಥಿಸಿದೆ. ಹರಕೆ ಹೊರಲಿಲ್ಲ. ಬೆಳ್ಳಿ ಹೆಡೆ ಮಾಡಿಸುತ್ತೇನೆ, ಉರುಳುಸೇವೆ ಮಾಡುತ್ತೇನೆ ಎನ್ನಲಿಲ್ಲ. ಆ ಬಗೆಯ ವ್ಯಾಪಾರವನ್ನು ಆ ಮನೆಯಲ್ಲಿ ಬೇಕಾದಷ್ಟು ನೋಡಿದ್ದೆ. "ಸುಬ್ರಾಯ, ಮಗು ನಿನ್ನದು, ಆ ಹಾವೂ ನಿನ್ನದು. ಎರಡನ್ನೂ ಈ ಮನೆಯವರು ಕೆಡಿಸಿದ್ದಾರೆ. ಎರಡನ್ನೂ ಬಿಡಿಸು. ಹೇಗೆ ಅಂತ ಹೇಳು" ಎಂದೆ. ಅಷ್ಟೆ.

ಉತ್ತರ ಬಂತು. ಸಂಸ್ಕೃತದಲ್ಲಿ ಬರಲಿಲ್ಲ, ನವಿಲಿನ ಮೇಲೆ ಕೂತು ಬರಲಿಲ್ಲ. ಆ ದೊರೆಯ ಮುರುಕು ಕನ್ನಡದಲ್ಲಿ ಬಂತು. ಒಂದು ಕಡೆ ಬಿಸಿ, ಒಂದು ಕಡೆ ತಂಪು, ಹಾವು ತಾನೇ ಆರಿಸ್ತದೆ. ಕಿವಿಯ ಪಕ್ಕ ನಿಂತು ಹೇಳಿದಷ್ಟು ಸ್ಪಷ್ಟ. ಬೇಕಾದರೆ ನಗಿರಿ. ನನ್ನ ದೇವರಿಗೆ ಎಲ್ಲ ಭಾಷೆಯೂ ಬರುತ್ತದೆ.

ಬಚ್ಚಲೊಲೆಯ ಬದಿಯಲ್ಲಿ ಕಾದಿದ್ದ ಇಟ್ಟಿಗೆಗಳನ್ನು ತೆಗೆಸಿ ಗೋಣಿಯಲ್ಲಿ ಸುತ್ತಿದೆ. ಕಾಫಿ ಕುಯ್ಯುವ ದೊಡ್ಡ ಕುಕ್ಕೆಯನ್ನು ಅಡ್ಡ ಮಲಗಿಸಿ, ಒಳಗೆ ಇಟ್ಟಿಗೆ ಇಟ್ಟು, ಮೇಲೆ ಇನ್ನೆರಡು ಪದರ ಗೋಣಿ ಹಾಸಿದೆ. ಪಾದರಸದ ಕಡ್ಡಿ ಗೋಡೆಯ ಮೇಲೆ ಇತ್ತು. ನನಗೆ ಅದರ ಅಗತ್ಯ ಬೀಳಲಿಲ್ಲ. ಕೂಸಿಗೆ ನೀರು ಹುಯ್ಯುವ ಮೊದಲು ನೋಡುವ ಹಾಗೆ ಮುಂಗೈಯ ಒಳಬದಿಯನ್ನು ಗೋಣಿಯ ಮೇಲೆ ಇಟ್ಟು ನೋಡಿದೆ. ಮೊದಲು ಚುರುಕ್ಕೆಂದಿತು, ಮತ್ತೊಂದು ಗೋಣಿ ಹಾಕಿದೆ. ಬೆಚ್ಚಗೆ, ಸುಡದ ಹಾಗೆ. ಸುಟ್ಟ ಹೊಟ್ಟೆಯ ಪ್ರಾಣಿಯನ್ನು ಮತ್ತೆ ಸುಟ್ಟರೆ ಅದು ಯಾರನ್ನು ನಂಬೀತು?

ಕುಕ್ಕೆಯ ಬಾಯಿಯನ್ನು ಕಂಬಳಿಯ ಅಂಚಿಗೆ ತಾಗಿಸಿ ಇಟ್ಟೆವು. ಮಗಳ ಎದೆಗೆ, ತಲೆಗೆ ನನ್ನ ಎರಡು ಸೀರೆ ಸುತ್ತಿದೆ. ಗಂಡ ಕಿಟಕಿ ತೆರೆದರು. ಮಂಜು ಒಳಗೆ ಬಂತು. ಕೆಮ್ಮಿನ ಮಗುವಿರುವ ಕೋಣೆಗೆ ಚಳಿ ಬಿಡುವುದೆಂದರೆ ಏನೆಂದು ತಾಯಂದಿರಿಗೆ ಹೇಳಬೇಕಿಲ್ಲ. ಆಮೇಲೆ ಕಂಬಳಿಯನ್ನು ಕುಕ್ಕೆ ಇಲ್ಲದ ಬದಿಯಿಂದ ಒಂದು ಕೋಲಿಗೆ ಸಿಕ್ಕಿಸಿ, ಸ್ವಲ್ಪ ಸ್ವಲ್ಪವೇ, ನಿಲ್ಲಿಸಿ ನಿಲ್ಲಿಸಿ ಎಳೆದೆವು. ಲಕ್ಷ್ಮಿಯ ತುಟಿ ನಡುಗಿತು. "ಆಯ್ತು ಮಗ, ಆಯ್ತು" ಎನ್ನುತ್ತಲೇ ಇದ್ದೆ. ನನ್ನ ದನಿ ನನಗೇ ಪರಕೀಯವಾಗಿ ಕೇಳುತ್ತಿತ್ತು.

ಹಾವಿನ ಬೆನ್ನಿಗೆ ಚಳಿ ತಾಗಿತು. ತಲೆ ಎತ್ತಿತು. ಹೆಡೆ ಬಿಚ್ಚಲಿಲ್ಲ. ನಾಲಿಗೆ ಚಾಚಿ ಚಾಚಿ ಅತ್ತ ಇತ್ತ ನೋಡಿತು. ಅದರ ಹೊಟ್ಟೆಯ ಮೇಲೆ ಸುಟ್ಟ ಕಲೆ ಕಂಡಿತು, ಕೆಂಪಾಗಿ, ಅಂಗೈಯುದ್ದ. ಮಗುವಿನ ಕಾಲಿನ ಮೇಲೆ ಹರಿಯಿತು. ಲಕ್ಷ್ಮಿ ಕಣ್ಣು ಮುಚ್ಚಿಕೊಂಡಳು. ಕೆಮ್ಮು ಬಂತು, ಎದೆ ಎದ್ದಿತು, ಅವಳು ಅದನ್ನು ನುಂಗಿದಳು. ಆ ಪುಟ್ಟ ಹುಡುಗಿ ಕೆಮ್ಮನ್ನು ನುಂಗಿದ್ದನ್ನು ನಾನು ಕಣ್ಣಾರೆ ಕಂಡೆ. ಹಾವು ಕುಕ್ಕೆಯ ಬಾಯಿಯಲ್ಲಿ ಒಂದು ಗಳಿಗೆ ನಿಂತಿತು, ಒಳಗಿನ ಬಿಸಿಯನ್ನು ಅರಿಯಿತು, ಮೆಲ್ಲಗೆ ಒಳಗೆ ಹೋಯಿತು. ಬಾಲವೂ ಹೋಯಿತು. ಗಂಡ ಮೊರದಿಂದ ಬಾಯಿ ಮುಚ್ಚಿ ಹಗ್ಗ ಸುತ್ತಿದರು. ಗಂಟು ಭದ್ರವಾಗಿತ್ತು.

ಆಗ ಲಕ್ಷ್ಮಿ ಕೆಮ್ಮಿದಳು. ಕೆಮ್ಮುತ್ತಲೇ ಇದ್ದಳು.

ಗಂಡ ಅವಳನ್ನು ಕಂಬಳಿ ಸಮೇತ ಎತ್ತಿಕೊಂಡು ಜನರ ನಡುವೆ ದಾರಿ ಮಾಡಿಕೊಂಡು ಇಳಿಜಾರಿನಲ್ಲಿ ಓಡಿದರು. ನಾನು ಹಿಂದೆ. "ಪೂಜೆ ಆಗ್ಲಿಲ್ಲವಲ್ಲ" ಎಂದು ಯಾರೋ ಅಂದದ್ದು ಕೇಳಿಸಿತು. ಕೆಳಗೆ ಮಡಿಕೇರಿ ಬಸ್ಸು ಹೊರಟೇ ಬಿಟ್ಟಿತ್ತು. ಕಂಡಕ್ಟರು ಮಲಯಾಳದವನು, ನಮ್ಮನ್ನು ನೋಡಿ ತಗಡು ಬಡಿದು ನಿಲ್ಲಿಸಿದ. "ವೇಗ ಕೇರು ಅಮ್ಮಾ, ವೇಗ ಹತ್ತಿ! ಕುಟ್ಟಿಗೆ ಎಂತ ಆಯ್ತು? ಮುಂದೆ ಕೂರಿ, ಇಂಜಿನ್ ಹತ್ರ ಚೂಡು, ಬಿಸಿ ಉಂಟು." ಇಂಜಿನ್ನಿನ ಪಕ್ಕದ ಸೀಟಿನವರನ್ನು ಎಬ್ಬಿಸಿ ನಮ್ಮನ್ನು ಕೂರಿಸಿದ. ನಮ್ಮ ಮನೆಯಲ್ಲಿ ಯಾರಿಗೂ ಹೊಳೆಯದ್ದು ಅವನಿಗೆ ಮಗುವಿನ ಮುಖ ನೋಡಿದ ಕೂಡಲೇ ಹೊಳೆಯಿತು.

ಆಸ್ಪತ್ರೆಯಲ್ಲಿ ಮಂಗಳೂರು ಕಡೆಯ ಡಾಕ್ಟರಮ್ಮ ಇದ್ದರು. ಎದೆಗೆ ಕೊಳವೆ ಇಟ್ಟು ಕೇಳಿ ಮುಖ ಎತ್ತಿದರು.

"ಇದು ನ್ಯುಮೋನಿಯಾ. ಇಷ್ಟು ದಿನ ಎಂತ ಮಾಡ್ತಾ ಇದ್ದದ್ದು ನೀವು?"

"ಮನೇಲಿ ನಾಗಪ್ಪನ..." ಎಂದು ಗಂಡ ಶುರುಮಾಡಿದರು.

"ನಾಗಪ್ಪ ಇಂಜೆಕ್ಷನ್ ಕೊಡ್ತಾನಾ? ಇಲ್ಲ ಅಲ್ವಾ? ಹಾಗಾದ್ರೆ ಹೊರಗೆ ಕೂತ್ಕೊಳ್ಳಿ."

ನನಗೆ ಆಕೆಯ ಕಾಲಿಗೆ ಬೀಳಬೇಕೆನಿಸಿತು. ಪೆನಿಸಿಲಿನ್ ಸೂಜಿ ಹಾಕಿದರು, ಹಾಕುತ್ತಲೇ ಹೋದರು. ಒಂದು ಮಧ್ಯಾಹ್ನ ಲಕ್ಷ್ಮಿಯ ಹಣೆ ಒದ್ದೆಯಾಯಿತು, ಜ್ವರ ಇಳಿಯಿತು, ಪಕ್ಕದ ಹಾಸಿಗೆಯವರ ಕಿತ್ತಳೆ ನೋಡಿ "ಅವ್ವ, ಅವ್ರು ಅದನ್ನ ಪೂರ್ತಿ ತಿಂತಾರ?" ಎಂದು ಕೇಳಿದಳು. ನಾನು ಆಸ್ಪತ್ರೆಯ ಗೋಡೆಗೆ ಮುಖ ತಿರುಗಿಸಿ ಅತ್ತೆ. ಆ ಗೋಡೆಯಲ್ಲಿ ಯಾವ ದೇವರ ಪಟವೂ ಇರಲಿಲ್ಲ. ನಾನು ಅಷ್ಟು ಹತ್ತಿರ ದೇವರನ್ನು ಯಾವ ಗುಡಿಯಲ್ಲೂ ಕಂಡಿಲ್ಲ.

ಇನ್ನು ಹಾವಿನ ಕಥೆ. ನಾವು ಆಸ್ಪತ್ರೆಯಲ್ಲಿದ್ದಾಗ ಗಂಡ ಮರುದಿನವೇ ಮನೆಗೆ ಹೋಗಿ ಬಂದಿದ್ದರು. ಹಗ್ಗ ಸುತ್ತಿದ್ದ ಕುಕ್ಕೆಯನ್ನು ಅಷ್ಟರವರೆಗೆ ಯಾರೂ ಮುಟ್ಟಿರಲಿಲ್ಲ. ಹೋದವರು ನೇರವಾಗಿ ಅಣ್ಣನ ಕೋಣೆಗೆ ನುಗ್ಗಿ, ಮಂಚದ ಕೆಳಗಿನ ದೀಪವನ್ನು ಎಳೆದು ತಂದು ಪೆಟ್ಟಿಗೆಯ ಒಂದು ತುದಿಯ ಅಡಿಗೆ ಇಟ್ಟಿದ್ದರು. ಪಾದರಸದ ಕಡ್ಡಿಯನ್ನು ಗೋಡೆಯಿಂದ ಕಿತ್ತು ಒಳಗೆ ಹಾಕಿದ್ದರು. ಹಾವನ್ನು ಕುಕ್ಕೆಯಿಂದ ಪೆಟ್ಟಿಗೆಗೆ ಬಿಟ್ಟದ್ದು ಹೇಗೆ ಎಂದು ಕೇಳಿದರೆ ಇವತ್ತಿಗೂ ಹೇಳಿಲ್ಲ. "ಬಿಟ್ಟೆ" ಎನ್ನುತ್ತಾರೆ, ಅಷ್ಟೆ.

ಆ ಚಳಿಗಾಲವೆಲ್ಲ ನಾವು ಅದನ್ನು ನೋಡಿಕೊಂಡೆವು. ಬೆಳಿಗ್ಗೆ ಸಂಜೆ ಪಾದರಸ ನೋಡುವುದು, ಬತ್ತಿ ಏರಿಸುವುದು ಇಳಿಸುವುದು, ದೀಪದ ಕಡೆ ಎಂಬತ್ತೆಂಟು ದಾಟದ ಹಾಗೆ, ಆಚೆ ತುದಿ ಎಪ್ಪತ್ತೈದರಿಂದ ಇಳಿಯದ ಹಾಗೆ, ನಡುವೆ ನೀರಿನ ಬಟ್ಟಲು, ಗಾಳಿಗೆ ಜಾಲರಿ, ಚಿಲಕ ಭದ್ರ. ಹಾವು ದಿನದಲ್ಲಿ ಕೆಲವು ಹೊತ್ತು ಇತ್ತ, ಕೆಲವು ಹೊತ್ತು ಅತ್ತ ಹೋಗಿ ಮಲಗುತ್ತಿತ್ತು. ಇಲಿ ನುಂಗಿತು, ಅರಗಿಸಿಕೊಂಡಿತು. ಪೊರೆ ಬಿಟ್ಟಿತು, ಸುಟ್ಟ ಕಲೆ ಮಾಸಿತು. ಅದೇ ನನ್ನ ಪೂಜೆ ಆಗಿತ್ತು. ಮಂತ್ರವಿಲ್ಲದ, ಗಂಟೆಯಿಲ್ಲದ ಪೂಜೆ. ಅದನ್ನು ನೋಡಲು ಒಬ್ಬ ಭಕ್ತನೂ ಬರಲಿಲ್ಲ. ಸೀಮೆಣ್ಣೆ ಬತ್ತಿ ಕತ್ತರಿಸುವುದರಲ್ಲಿ ಗೋವಿಂದ ಎನ್ನಲು ಏನಿದೆ?

ಬಾವ ಸ್ವಲ್ಪ ದಿನ, ಹೆಂಗಸಿನ ಮೈಲಿಗೆಯಿಂದ ಸ್ವಾಮಿಯ ಕಳೆ ಹೋಯಿತು ಎಂದು ಹೇಳಿಕೊಂಡು ತಿರುಗಿದರು. ಆಮೇಲೆ ಬಾಳೆಲೆ ಎಂಬ ಊರಿನ ಕಡೆಯ ಒಂದು ತೋಟದಲ್ಲಿ ಕೆಲಸ ಹಿಡಿದು ದೇವೀರಮ್ಮನನ್ನು ಕರೆದುಕೊಂಡು ಹೋದರು. ಅಲ್ಲಿ ಒಂದು ಹಸು ಏಕಾದಶಿಯ ದಿನ ಕಣ್ಣೀರು ಹಾಕುತ್ತದೆ ಎಂದು ಜನ ಸೇರಿಸುತ್ತಿದ್ದಾರೆ ಎಂದು ಕೇಳಿದೆ. ಹಸು ಯಾಕೆ ಅಳುತ್ತದೆ ಎಂದು ನಾನು ಊಹಿಸಬಲ್ಲೆ.

ಈಗ ಪೇಟೆಗಳಲ್ಲಿ ಶೋಕಿಗೆ ಹಾವು ಸಾಕುವವರಿದ್ದಾರಂತೆ. ಅವರಿಗೂ, ಪುಣ್ಯಕ್ಕೆ ಸಾಕುವವರಿಗೂ ನನ್ನದು ಒಂದೇ ಮಾತು. ಅದರ ಮೈಯ ಬಿಸಿ ನಿಮ್ಮ ಕೈಯಲ್ಲಿದೆ. ಅದು ಕೇಳುವುದಿಲ್ಲ, ಅಳುವುದಿಲ್ಲ, ಚಳಿಯಾಯಿತು ಎಂದು ಕೂಗುವುದಿಲ್ಲ. ಅಷ್ಟನ್ನು ನೋಡಿಕೊಳ್ಳಲಾರದವರು ಅದನ್ನು ಹಿಡಿದಿಡಬೇಡಿ. ಸುಬ್ರಾಯನ ಹೆಸರನ್ನಂತೂ ಎತ್ತಲೇಬೇಡಿ. ಅವನು ನನ್ನ ಮಗಳನ್ನು ಉಳಿಸಿಕೊಟ್ಟಿದ್ದಾನೆ. ಅವನ ಹೆಸರು ಕೆಟ್ಟ ಬಾಯಲ್ಲಿ ಕೇಳಿದರೆ ನನಗೆ ಇಂದಿಗೂ ಒನಕೆಯ ಕಡೆ ಕೈ ಹೋಗುತ್ತದೆ.

ಶಿವರಾತ್ರಿ ಕಳೆದು ಬಿಸಿಲು ಬಲಿತ ಮೇಲೆ, ತೋಟದ ಕೊನೆಯಲ್ಲಿ ಹೊಳೆಯ ಕಡೆಗಿರುವ ಬಂಡೆಗಳ ಹತ್ತಿರ ಪೆಟ್ಟಿಗೆಯನ್ನು ಹೊತ್ತುಕೊಂಡು ಹೋದೆವು. ಬಂಡೆಯ ಮೇಲೆ ಕೈಯಿಟ್ಟು ನೋಡಿದೆ, ಬೆಚ್ಚಗಿತ್ತು. ಪಕ್ಕದಲ್ಲೇ ಪೊದೆ, ನೆರಳು. ಗಂಡ ದೂರದಿಂದ ಕೋಲಿನಲ್ಲಿ ಬಾಗಿಲು ಎತ್ತಿದರು. ಹಾವು ಹೊರಗೆ ಬಂದು ಬಂಡೆಯ ಮೇಲೆ ಉದ್ದಕ್ಕೆ ಚಾಚಿ ಮಲಗಿತು, ಯಾರೂ ಅಲ್ಲಿ ಇಲ್ಲವೇನೋ ಎಂಬಂತೆ.

"ಅವ್ವ, ಕೈ ಮುಗೀಲಾ?" ಎಂದಳು ಲಕ್ಷ್ಮಿ.

"ತಡಿ ಮಗ. ಅದು ಹೋಗ್ಲಿ."

ಬಹಳ ಹೊತ್ತು ಕಾದೆವು. ಮೈ ಕಾದ ಮೇಲೆ ಅದು ತನ್ನಷ್ಟಕ್ಕೆ ಹರಿದು ಪೊದೆಯೊಳಗೆ ಹೋಯಿತು. ಹೆಡೆ ಎತ್ತಲಿಲ್ಲ, ತಿರುಗಿ ನೋಡಲಿಲ್ಲ, ಹರಸಲಿಲ್ಲ. ಎಲೆಗಳು ಅಲ್ಲಾಡುವುದು ನಿಂತ ಮೇಲೆ, ಬಿಸಿಲು ಬಿದ್ದಿದ್ದ ಆ ಖಾಲಿ ಬಂಡೆಗೆ ನಾವು ಮೂವರೂ ಕೈ ಮುಗಿದೆವು.